ಸಾಹೇಬರು ಬಂದ ದಿನ ಧೂಳೇ ಇರಲಿಲ್ಲ

ಇಳಕಲ್ಲಿನ ನಮ್ಮ ಓಣಿಯಲ್ಲಿ ನೇಯುವ ಮೊದಲು ಸೀರೆಯ ಹಾಸು, ಅಂದರೆ ಉದ್ದನೂಲನ್ನೆಲ್ಲ, ರಸ್ತೆಯುದ್ದಕ್ಕೂ ಬಿಗಿದು ಗಂಜಿ ಹಚ್ಚಿ ಒಣಗಿಸುತ್ತೇವೆ. ಒಣಗುವವರೆಗೆ ಯಾರೂ ದಾಟುವಂತಿಲ್ಲ. ಮಂತ್ರಿ ಬಂದರೂ ಸುತ್ತು ಹಾಕಿಯೇ ಬರಬೇಕು. ಅಂಥ ಓಣಿಯ ತುದಿಗೆ ಒಬ್ಬ ಸಾವುಕಾರ ಗ್ರಾನೈಟ್ ಕೊಯ್ಯುವ ಮಷೀನು ತಂದು ಕೂಡಿಸಿದ. ಹಸಿ ಗಂಜಿಯ ಮೇಲೆ ಕಲ್ಲಿನ ಪುಡಿ ಕೂತರೆ ಮುಗಿಯಿತು, ಎಳೆ ಪಟಪಟ ಹರಿಯುತ್ತದೆ. ಊರಿನ ನಕ್ಷೆಯಲ್ಲಿ ಈ ಜಾಗ ಮನೆಗಳಿಗೆಂದೇ ಇದೆ, ಇಲ್ಲಿ ಕಾರ್ಖಾನೆ ನಡೆಸಕೂಡದು ಎಂದು ನಗರಸಭೆಗೆ ಅರ್ಜಿ ಕೊಟ್ಟೆವು. ಕಣ್ಣಾರೆ ನೋಡಿಯೇ ತೀರ್ಮಾನಿಸುತ್ತೇನೆ ಎಂದು ಅಲ್ಲಿನ ಸಾಹೇಬರು ಹೊರಟರು.

ಆ ದಿನ ಓಣಿಯಲ್ಲಿದ್ದದ್ದು ನಮ್ಮತ್ತೆಯ ಹಾಸು. ಜೀವಮಾನವೆಲ್ಲ ಮಂದಿಗೆ ನೇಯ್ದವರು ಮೊದಲ ಸಲ ತಮಗೆಂದು ದಾಳಿಂಬೆ ಬಣ್ಣ ಹಾಕಿಸಿದ್ದರು.

ಇನ್ನು ನಮ್ಮ ಜಾಣತನ ನೋಡಿ! ಸಾಹೇಬರು ಬರುತ್ತಾರೆಂಬ ಹಿಗ್ಗಿಗೆ ಹೆಂಗಸರೆಲ್ಲ ಸೇರಿ ಓಣಿ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿಬಿಟ್ಟಿದ್ದೆವು. ಸಾವುಕಾರನೂ ಮಷೀನು ಬಂದ್ ಇಟ್ಟಿದ್ದ. ಹಾಸು ಅಡ್ಡವಿದ್ದುದರಿಂದ ಜೀಪನ್ನು ಹಿಂದಿನ ಓಣಿಯಲ್ಲಿ ಬಿಟ್ಟು ನಡೆದು ಬಂದ ಸಾಹೇಬರು ಆಚೆ ಈಚೆ ನೋಡಿ, "ಎಲ್ಲೈತ್ರೀ ಧೂಳ? ನಮ್ಮ ಆಫೀಸಿಗಿಂತ ಸ್ವಚ್ಛ ಐತಿ!" ಎಂದರು. ನಗು ತಡೆಯಲಾಗದೆ ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಅತ್ತೆ ಸೋಲುವವರಲ್ಲ. "ಮನಿ ಮುಂದ ಬಂದು ಹಂಗ ಹೋಗಬ್ಯಾಡ್ರಿ ಯಪ್ಪಾ. ಬಿಸಿ ಭಜಿ ಮಾಡೇನಿ, ಒಳಗ ಬರ್ರಿ," ಎಂದು ಕೂಡಿಸಿದರು. ಎರಡನೇ ತಟ್ಟೆ ಮುಗಿಯುವ ಹೊತ್ತಿಗೆ, ಓಣಿಯಲ್ಲಿ ಜೀಪು ಕಾಣದ ಸಾವುಕಾರ ಸಾಹೇಬರು ಹೋದರೆಂದೇ ತಿಳಿದು ಮಷೀನು ಹಚ್ಚಿದ. ಗರ್‍ರ್! ಬಿಳಿ ಪುಡಿ ಮೇಲೆದ್ದಿತು.

ನಾನು ಚಾದರ ಎಳೆದುಕೊಂಡು ಹಾಸು ಮುಚ್ಚಲು ಓಡಿದೆ. ಅತ್ತೆ ಗಪ್ಪನೆ ಕೈ ಹಿಡಿದರು.

"ಏ ಹುಚ್ಚಿ, ಮುಚ್ಚಬ್ಯಾಡ. ಬೀಳಲಿ."

"ನಿಮ್ಮ ಸೀರಿ, ಅತ್ತಿ!"

"ಸೀರಿ ಮತ್ತ ನೇಯಬಹುದು. ಸಾಹೇಬ್ರು ಮತ್ತ ಬರ್ತಾರೇನ?"

ನಾನು ಚಾದರ ಕೆಳಗಿಟ್ಟೆ. ಅಷ್ಟರಲ್ಲಿ ಸಾಹೇಬರು ಕೈಯಲ್ಲಿ ಭಜಿ ಹಿಡಿದೇ ಹೊರಗೆ ಬಂದು ಕೆಮ್ಮತೊಡಗಿದರು. ಅವರ ಕರಿ ಮೀಸೆ ಬೆಳ್ಳಗಾಯಿತು. ಕಟ್ಟೆಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಹೋ ಎಂದು ನಕ್ಕರು. ಮಷೀನಿಗೆ ಅಂದೇ ಬೀಗ ಬಿತ್ತು.

ಹರಿದ ಎಳೆಗಳಿಗೆ ಗಂಟು ಹಾಕಿ ಹಾಕಿ ಅತ್ತೆ ಅದೇ ಸೀರೆಯನ್ನು ನೇಯ್ದು ಮುಗಿಸಿದರು. ಉಟ್ಟರೆ ಮೈಯೆಲ್ಲ ಕೆರೆತ, ಮದುವೆ ಮುಂಜಿಗೆ ಮುಟ್ಟುವುದಿಲ್ಲ. ಆದರೆ ಓಣಿಗೆ ಹೊಸ ಮಷೀನು ಬರುತ್ತದಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅದನ್ನೇ ಉಟ್ಟು ನಗರಸಭೆಗೆ ಹೊರಡುತ್ತಾರೆ.