ಕಣ್ಣು ತೆರೆದ ಫೋಟೋ

ಅಪ್ಪ ಬದುಕಿದ್ದಾಗ ಒಂದು ಫೋಟೋ ಕೂಡ ತೆಗೆಸಿಕೊಂಡವನಲ್ಲ. ತೆಗೆಸಿದ್ದು ಅವನು ಸತ್ತ ದಿನ. ನಮ್ಮ ಶೈವ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹಾರ ಹಾಕಿದ ಮೇಲೆ ಮನೆಯವರೆಲ್ಲ ಎರಡೂ ಬದಿಗೆ ಕೂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಹೊಸಪೇಟೆಯಿಂದ ಬಂದ ಸ್ಟುಡಿಯೋದವನ ಕೊರಳಲ್ಲಿ ಡಬ್ಬಿಯಂಥ ಕ್ಯಾಮೆರಾ ಇತ್ತು. ಅದಕ್ಕೆ ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ ಎಂದು ಯಾರೋ ಕೇಳಿದ್ದಕ್ಕೆ ಆತ ಮೆಲ್ಲಗೆ ಹೇಳಿದ. ನಾನಾಗ ಹೈಸ್ಕೂಲಿನಲ್ಲಿದ್ದೆ. ಆ ಎರಡು ಕಣ್ಣು ನಮ್ಮನ್ನು ನೋಡುತ್ತಿದ್ದಾಗ ಅಳುವುದನ್ನೂ ನಿಲ್ಲಿಸಿ ನೆಟ್ಟಗೆ ಕೂತಿದ್ದೆ.

ಆಮೇಲೆ ಆ ಫೋಟೋದಿಂದ ನಮ್ಮನ್ನೆಲ್ಲ ತೆಗೆದುಹಾಕಿ, ಅಪ್ಪನ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಪಡಸಾಲೆಗೆ ತಂದೆವು. ಸ್ಟುಡಿಯೋದವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ, "ಬ್ರಷ್‌ನಾಗ ಕಣ್ಣು ಬರದು ಕೊಡ್ಲೇನ್ರಿ ಅವ್ವಾರೆ? ತೆರದಂಗ ಕಾಣತಾವು."

"ಅವರ ಕಣ್ಣು ನೀ ಯಾವಾಗ ನೋಡಿದ್ದೆಪ್ಪಾ?" ಎಂದಳು ಅವ್ವ. ಆತ ಮುಚ್ಚಿದ ಕಣ್ಣಿನ ಫೋಟೋವನ್ನೇ ಕೊಟ್ಟ.

ನಮ್ಮೂರು ಪಾಪಿನಾಯಕನಹಳ್ಳಿ. ಮನೆ ರಸ್ತೆಗೆ ಅಂಟಿಕೊಂಡೇ ಇದೆ. ಗಣಿಯ ಭರಾಟೆಯ ವರ್ಷಗಳಲ್ಲಿ ಅದಿರು ತುಂಬಿದ ಲಾರಿಗಳು ಒಂದರ ಬೆನ್ನಿಗೆ ಒಂದು ಹತ್ತಿ ಹೋಗುತ್ತಿದ್ದವು. ರಸ್ತೆ ದಾಟಬೇಕಾದರೆ ಡ್ರೈವರಿಗೆ ಕೈ ಮುಗಿಯಬೇಕಿತ್ತು. ಅಣ್ಣನೂ ಸಂಡೂರಿನ ಗುಡ್ಡಗಳಿಗೆ ಲಾರಿ ಬಿಟ್ಟಿದ್ದ. ಆಗ ಅವನಿಗೆ ಎಲ್ಲವೂ ದೊಡ್ಡದೇ ಆಗಬೇಕು: ಟಿವಿ ದೊಡ್ಡದು, ಗೇಟು ದೊಡ್ಡದು, ಮಾತಂತೂ ಇನ್ನೂ ದೊಡ್ಡದು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರಗಳು ಇಲ್ಲಿ ಬರೆಯುವಂಥವಲ್ಲ. ಮಾರ್ಕ್ಸ್ ಹಾಕದೆ ಯಾವುದನ್ನೂ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಅವ್ವ ಮಾಡಿದ ಸಾರಿಗೂ ಹಾಕುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ.

ಅವ್ವನ ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ್ದು ಆ ವರ್ಷಗಳಲ್ಲೇ. ಆಸ್ಪತ್ರೆಯಿಂದ ಬಂದ ಮರುದಿನ ಅವಳು ಅಪ್ಪನ ಫೋಟೋದ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತದೆ ಕೇಳಿದಳು, "ನಿಮ್ಮಪ್ಪನ ಕಣ್ಣು ಹೆಂಗಿದ್ವು, ಹೇಳು ನೋಡೂಣು."

ನೆನಪಿಗೆಂದು ತಲೆ ಎತ್ತಿ ಫೋಟೋ ನೋಡಿದೆ. ಅದರಲ್ಲಿ ಕಣ್ಣು ಮುಚ್ಚಿದ್ದವು.

"ನಂಗೂ ಮರತೈತಿ," ಎಂದಳು. "ಅಷ್ಟು ವರ್ಷ ಸಂಸಾರ ಮಾಡೀನಿ. ಈಗ ನೆನಸಿಕೊಂಡ್ರ ಈ ಮುಚ್ಚಿದ ಕಣ್ಣ ಬರತಾವು. ಈ ಫೋಟೋ ಅವರ ಕಣ್ಣು ತಿಂದುಬಿಡ್ತು ನೋಡು. ನನ್ನ ಹಂಗ ಕುಂದ್ರಿಸಿ ತಗೀಬ್ಯಾಡ್ರಿ. ಈಗ ತಗೀರಿ. ಕಣ್ಣು ತೆರದಿರಬೇಕು, ಅಷ್ಟ."

ಅವ್ವ ಸಾವಿಗೆ ಹೆದರಿದವಳಲ್ಲ. ನಾವು ಅವಳನ್ನು ಮರೆಯುತ್ತೇವೆ ಎಂದು ಹೆದರಿದ್ದಳು. ಅದು ನನಗೆ ಅವತ್ತೇ ಅರ್ಥವಾಯಿತು.

ಇದೇನು ಮಹಾ ಕೆಲಸ ಎಂದುಕೊಂಡು ಅವಳನ್ನು ಹೊಸಪೇಟೆಯ ಅದೇ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಎರಡು ಲೆನ್ಸಿನ ಕ್ಯಾಮೆರಾ ಗಾಜಿನ ಕಪಾಟು ಸೇರಿತ್ತು. ಸ್ಟುಡಿಯೋದವನ ಕೈಯಲ್ಲಿ ಹೊಸದಿತ್ತು. ಅವ್ವ ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಅದನ್ನೇ ಒಂದು ಗಳಿಗೆ ನೋಡಿದಳು. "ಇದು ಸತ್ತೋರ ಮನಿಗೆ ಹೋಗತೈತೇನಪ್ಪಾ?"

ಆತ ಸುಳ್ಳು ಹೇಳಬಹುದಿತ್ತು. "ಹೋಗದ ಇರತೈತೇನ್ರೀ ಅವ್ವಾರೆ? ಮದಿವಿಗೂ ಇದ, ಮಣ್ಣಿಗೂ ಇದ."

ಅವ್ವ ಸ್ಟೂಲಿನಿಂದ ಇಳಿದಳು. ಸತ್ತವರನ್ನು ನೋಡಿದ ಕ್ಯಾಮೆರಾ ತನ್ನನ್ನು ನೋಡುವುದು ಬೇಡ ಎಂಬುದು ಅವಳ ಹಟ. ಬೇರೆ ಸ್ಟುಡಿಯೋಗಳಿಗೂ ಹೋದೆವು. ಎಲ್ಲ ಕಡೆ ಅದೇ ಪ್ರಶ್ನೆ, ಅದೇ ಉತ್ತರ. ನಮ್ಮ ಸೀಮೆಯಲ್ಲಿ ಸಾವಿನ ಮನೆಗೆ ಹೋಗದ ಕ್ಯಾಮೆರಾ ಎಲ್ಲಿಂದ ತರುವುದು? ಬಸ್ಸಿನಲ್ಲಿ ಅವಳ ಮೇಲೆ ರೇಗಿದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಳು.

ಸಂಜೆ ಅಣ್ಣನಿಗೆ ಸುದ್ದಿ ಗೊತ್ತಾಯಿತು. ಜೇಬಿನಿಂದ ಹೊಸ ಮೊಬೈಲು ತೆಗೆದು ನನ್ನ ಮೂಗಿನ ಮುಂದೆ ಹಿಡಿದ. "ಇದರಾಗ ಕ್ಯಾಮೆರಾ ಐತಿ ಲೇ, ಅಕ್ಕೋರ. ನಿನ್ನೆ ತಂದೀನಿ. ಇನ್ನೂ ಯಾರ ಹೆಣಾನೂ ನೋಡಿಲ್ಲ." ಹಂಪಿಯಲ್ಲಿ ತೆಗೆದ ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ಕಂಬಗಳು, ಬಂಡೆಗಳು ಎಲ್ಲ ಚೊಕ್ಕವಾಗಿ ಬಂದಿದ್ದವು.

"ಹಂಪಿ ಕಲ್ಲು ರೆಪ್ಪಿ ಬಡಿಯಂಗಿಲ್ಲಣ್ಣ," ಎಂದೆ. "ನಮ್ಮವ್ವ ಬಡೀತಾಳ. ಮೊದಲು ಪರೀಕ್ಷೆ ಆಗ್ಲಿ."

ಭಾನುವಾರ ಅವನ ಮೊಬೈಲು ಇಸಿದುಕೊಂಡು ಪರೀಕ್ಷೆ ಶುರು ಮಾಡಿದೆ. ಪಡಸಾಲೆಯೊಳಗೆ ತೆಗೆದರೆ ಮುಖದ ಮೇಲೆಲ್ಲ ರವೆ ಚೆಲ್ಲಿದ ಹಾಗೆ. ಬಿಸಿಲಿನಲ್ಲಿ ಅರ್ಧ ಮುಖ ಕಪ್ಪು. ಮರದ ನೆರಳೇ ಸರಿ ಎಂದು ಗೊತ್ತಾಯಿತು. ಹತ್ತಿರ ಹಿಡಿದರೆ ಎಲ್ಲ ಮಂಜು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಮುಖ ಸಣ್ಣದಾದರೂ ತಿಳಿಯಾಗಿ ಬರುತ್ತಿತ್ತು. ಆಕಳ ಕರು ಬಾಲ ಬೀಸಿತು, ಫೋಟೋದಲ್ಲಿ ಬಾಲವಿದ್ದ ಕಡೆ ಬರೀ ಹೊಗೆ. ಎಲ್ಲಕ್ಕಿಂತ ದೊಡ್ಡ ದೋಷ ಬೇರೆ. ಗುಂಡಿ ಒತ್ತಿದ ಕೂಡಲೇ ಅದು ತೆಗೆಯುತ್ತಿರಲಿಲ್ಲ. ಒತ್ತಿ, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಾದ ಮೇಲೆ "ಟಕ್" ಎನ್ನುತ್ತಿತ್ತು.

ಆ ಒಂದು ಉಸಿರಿನಲ್ಲೇ ಅವ್ವ ಸೋಲುತ್ತಿದ್ದಳು. ಫೋನನ್ನೇ ಹೆದರಿಸುವವಳಂತೆ ಕಣ್ಣು ಅಗಲಿಸಿ ಕೂರುತ್ತಿದ್ದಳು. ಲಾರಿಗಳ ಧೂಳಿಗೆ ಅವಳ ಕಣ್ಣು ಯಾವಾಗಲೂ ಉರಿಯುತ್ತಿದ್ದವು, ಅಂಚು ಕೆಂಪಗೆ. ನೀರು ತುಂಬಿ, ತಡೆಯಲಾಗದೆ ರೆಪ್ಪೆ ಮುಚ್ಚುವುದಕ್ಕೂ ಟಕ್ ಎನ್ನುವುದಕ್ಕೂ ಸರಿಹೋಗುತ್ತಿತ್ತು. ಎಷ್ಟು ತೆಗೆದರೂ ಅಷ್ಟೇ.

"ಮುಚ್ಚಾವೇನು?" ಎಂದು ಪ್ರತಿ ಸಲ ಕೇಳುತ್ತಿದ್ದಳು. ಮೊದಮೊದಲು ನಗುತ್ತಲೇ ಕೇಳಿದಳು. ಆಮೇಲೆ ನಗು ಹೋಯಿತು. ಕೊನೆಗೆ ಕೇಳುವುದನ್ನೂ ಬಿಟ್ಟಳು.

ಬಣ್ಣಕ್ಕಂತೂ ಸೊನ್ನೆ ಹಾಕಿದೆ. ಹಿತ್ತಲಿನ ಮಲ್ಲಿಗೆ ಗಿಡದಲ್ಲಿ ಆಗಷ್ಟೇ ಅರಳಿದ ಹೂವನ್ನು ತೆಗೆದರೆ ಇಟ್ಟಿಗೆಯ ಬಣ್ಣಕ್ಕೆ ಬರುತ್ತಿತ್ತು. ಬಿಳಿಯನ್ನು ಬಿಳಿ ಎನ್ನಲಾರದ ಕ್ಯಾಮೆರಾ ಯಾವ ಸೀಮೆಯ ಕ್ಯಾಮೆರಾ ಎಂದು ಅಣ್ಣನಿಗೆ ಹೇಳಿದೆ. ಅವನಿಗೆ ಸಿಟ್ಟು ನೆತ್ತಿಗೇರಿತು. "ಅದೇನು ನಿಮ್ಮ ಸಾಲಿ ಹುಡುಗ ಅನ್ಕೊಂಡೀಯೇನು, ಫೇಲ್ ಮಾಡಾಕ?"

ಜಗಳದ ನಡುವೆ ಅವ್ವನೇ ಹೇಳಿದಳು, "ಕಮಲಾಪುರಕ್ಕ ಹೋಗೂಣು. ಅಲ್ಲಿ ನನ್ನ ಕಣ್ಣು ಉರಿಯಂಗಿಲ್ಲ."

ಕಮಲಾಪುರ ಅವಳ ತವರು. ತವರಿನಲ್ಲಿ ಈಗ ಯಾರೂ ಇರಲಿಲ್ಲ, ಕೆರೆ ಇತ್ತು. ಅಣ್ಣನ ಮೊಬೈಲು ತೆಗೆದುಕೊಂಡು ಬೆಳಗಿನ ಬಸ್ಸಿಗೆ ನಾವಿಬ್ಬರೇ ಹೋಗಿ ಕೆರೆಯ ದಂಡೆಯಲ್ಲಿ ಬೇವಿನ ನೆರಳಿನ ಕಲ್ಲಿನ ಮೇಲೆ ಕೂತೆವು. ಆಚೆ ಬಾಳೆ ತೋಟ, ಗದ್ದೆ. ಅವ್ವ ಮುಖ ತೊಳೆದುಕೊಂಡು ಕಣ್ಣು ಒರೆಸಿಕೊಂಡಳು. ನಾನು ಸುಮ್ಮನೆ ಕೈ ಪಳಗಲೆಂದು ಗದ್ದೆಯಲ್ಲಿ ನಿಂತಿದ್ದ ಬೆಳ್ಳಕ್ಕಿಯನ್ನು ತೆಗೆದೆ. ನೋಡಿದರೆ, ಬೆಳ್ಳಗೆ ಬಂದಿತ್ತು. ಹಾಲಿನಂಥ ಬಿಳಿ.

ಫೋನನ್ನು ಹಿಡಿದುಕೊಂಡು ಹಾಗೇ ನಿಂತೆ. ತಪ್ಪು ಕ್ಯಾಮೆರಾದ್ದಲ್ಲ. ನಮ್ಮ ಮಲ್ಲಿಗೆಯೇ ಕೆಂಪಾಗಿತ್ತು. ಅದಿರಿನ ಕೆಂಪು ಧೂಳು ತಗಡಿನ ಮೇಲೆ ಕಂಡಿತ್ತು, ಎಲೆಗಳ ಮೇಲೆ ಕಂಡಿತ್ತು, ಮುಚ್ಚಿಟ್ಟ ಪಾತ್ರೆಯ ಮೇಲೂ ಕಂಡಿತ್ತು. ಬೆಳಿಗ್ಗೆ ಅರಳಿದ ಹೂವಿನ ಮೇಲೆ ಕೂತದ್ದು ಮಾತ್ರ ಕಾಣಲಿಲ್ಲ. ಮಲ್ಲಿಗೆ ಎಂದರೆ ಬಿಳಿ ಎಂದು ಗೊತ್ತಿದ್ದರಿಂದ ನಾವು ನೋಡುವುದನ್ನೇ ಬಿಟ್ಟಿದ್ದೆವು.

ಅವ್ವನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗ ಗೊತ್ತೈತಿ. ದಿನಾ ತೊಳದಲ್ಲೇನು ದೇವರಿಗೆ ಏರಸತೀನಿ? ನಿಮ್ಮಣ್ಣನ ಲಾರಿನೂ ಅದ ದಾರ್ಯಾಗ ಓಡತಾವಲ್ಲ, ಏನಂತ ಹೇಳ್ಲಿ?"

ಅವಳನ್ನು ಬೇವಿನ ಕಾಂಡಕ್ಕೆ ಆನಿಸಿ ಕೂರಿಸಿದೆ. ಫೋನಿನ ಚಾಳಿ ನನಗೀಗ ಗೊತ್ತಿತ್ತು. "ಯವ್ವಾ, ಈಗ ಕಣ್ಣು ಮುಚ್ಚು," ಎಂದೆ.

"ಮುಚ್ಚಬೇಕ?" ಅವಳ ದನಿ ಸಣ್ಣಗಾಯಿತು. "ತೆರದಿರಬೇಕು ಅಂದೀನಲ್ಲ ನಾನು."

"ನಾ ತೆರಿ ಅಂದಾಗ ತೆರಿ. ಅಲ್ಲೀತನ ಮುಚ್ಚಿರು. ನಂಬು ನನ್ನ."

ಅವ್ವ ಕಣ್ಣು ಮುಚ್ಚಿದಳು. ನಾಲ್ಕು ಹೆಜ್ಜೆ ಹಿಂದೆ ಸರಿದು ಫೋನು ಎತ್ತಿದೆ. ಹಣೆಯ ಮೇಲೆ ವಿಭೂತಿ, ನೆಟ್ಟಗೆ ಕೂತ ಮೈ, ತೊಡೆಯ ಮೇಲಿಟ್ಟ ಕೈಗಳು, ಮುಚ್ಚಿದ ಕಣ್ಣು. ಆ ಪುಟ್ಟ ಪರದೆಯಲ್ಲಿ ಇದ್ದದ್ದು ನಮ್ಮ ಪಡಸಾಲೆಯ ಗೋಡೆಯ ಫೋಟೋ. ಮುಂದೆ ಒಂದು ದಿನ ನಾನು ನೋಡಲೇಬೇಕಾದದ್ದನ್ನು ಅವತ್ತೇ, ಅಷ್ಟು ಬೆಳಕಿನಲ್ಲಿ ನೋಡಿಬಿಟ್ಟೆ. ಕೈ ತಾನಾಗಿ ಕೆಳಗಿಳಿಯಿತು.

"ಏನಾತ?" ಎಂದಳು, ಕಣ್ಣು ಮುಚ್ಚಿಕೊಂಡೇ.

"ಏನಿಲ್ಲ." ಮತ್ತೆ ಎತ್ತಿದೆ. ಗುಂಡಿ ಒತ್ತಿದೆ. ಒತ್ತಿದ ಕೂಡಲೇ ಕೂಗಿದೆ, "ತೆರಿಯವ್ವಾ!"

ಟಕ್.

ಅವಳಿಗೆ ತಂದು ತೋರಿಸಿದೆ. ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಇಷ್ಟು ಮುದುಕಿ ಆಗೀನೇನು ನಾನು?" ಎಂದಳು. ಆಮೇಲೆ ಬೆರಳಿನಿಂದ ಮುಖದ ಹತ್ತಿರ ಮೆಲ್ಲಗೆ ಮುಟ್ಟಿ, "ಅದಾವು. ಕಣ್ಣು ಅದಾವು," ಎಂದಳು. ಕೆರೆಯ ದಂಡೆಯಲ್ಲಿ ಕೂತು ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟಳು.

ಅಪ್ಪನ ಫೋಟೋಕ್ಕಿಂತ ದೊಡ್ಡದು ಮಾಡಿಸಬೇಕು ಎಂದು ಅಣ್ಣನ ಆಸೆ. ಮೂವರೂ ಸ್ಟುಡಿಯೋಕ್ಕೆ ಹೋದೆವು. ಸ್ಟುಡಿಯೋದವನು ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಹಿಗ್ಗಿಸುತ್ತ ಹೋದ. ಫೋನಿನಲ್ಲಿ ಅಷ್ಟು ತಿಳಿಯಾಗಿದ್ದ ಮುಖ ಹಿಗ್ಗಿದಂತೆ ಚೌಕ ಚೌಕವಾಗಿ ಬಿಚ್ಚಿಕೊಂಡಿತು. ಕಣ್ಣಿದ್ದ ಕಡೆ ಒಂದಿಷ್ಟು ಕಪ್ಪು ತುಂಡುಗಳು ಉಳಿದವು.

"ಫೋನಿಂದು ಇಷ್ಟ ರೀ. ದೊಡ್ಡದು ಮಾಡಿದ್ರ ಮುಖ ಒಡೀತೈತಿ," ಎಂದ ಆತ. "ಬೇಕಾದ್ರ ಕಂಪ್ಯೂಟರಿನಾಗ ಕಣ್ಣು ಬರದು ಕೂಡ್ರಸ್ತೀನಿ."

"ಬರೀರಿ, ಎಷ್ಟಾದ್ರೂ ಆಗ್ಲಿ," ಎಂದ ಅಣ್ಣ.

"ಯಾರೂ ಬರೀಬ್ಯಾಡ್ರಿ," ಎಂದಳು ಅವ್ವ. "ನನ್ನ ಕಣ್ಣು ನಾನ ತೆರದೀನಿ."

ಆತ ಬೇರೆ ಬೇರೆ ಅಳತೆಯಲ್ಲಿ ಮುದ್ರಿಸಿ ಮೇಜಿನ ಮೇಲೆ ಹರವಿದ. ಅವ್ವ ಎಲ್ಲವನ್ನೂ ಕೈಗೆತ್ತಿಕೊಂಡು ನೋಡಿ, ಅಂಗೈಯಷ್ಟೇ ಇದ್ದ ಒಂದನ್ನು ಆರಿಸಿಕೊಂಡಳು. "ಇದರಾಗ ನಾ ಅದೀನಿ. ಉಳದವ್ರಾಗ ಇಲ್ಲ."

"ಗ್ವಾಡಿ ಮ್ಯಾಲ ಅದು ಕಾಣಂಗ ಇಲ್ಲವ್ವಾ," ಎಂದ ಅಣ್ಣ, ಅಳುವ ಹುಡುಗನ ದನಿಯಲ್ಲಿ.

"ಕಾಣಬೇಕಂದೋರು ಹತ್ರ ಬರ್ಲಿ."

ಮರುವರ್ಷದ ಮಳೆಗಾಲ ಮುಗಿಯುತ್ತಿದ್ದಾಗ ಅವ್ವ ಹೋದಳು. ಹಿರಿಯರು ಬಂದು ಅವಳನ್ನು ಕೂರಿಸಿದರು, ವಿಭೂತಿ ಹಚ್ಚಿದರು, ಹಾರ ಹಾಕಿದರು. ರೂಢಿಯಂತೆ ಯಾರೋ ಸ್ಟುಡಿಯೋಕ್ಕೆ ಫೋನು ಮಾಡಿದ್ದರು. ಆತ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು ಅಂಗಳದಲ್ಲಿ ನಿಂತ. ಬಂಧುಗಳು ಆಗಲೇ ಎರಡೂ ಬದಿಗೆ ಕೂತು ಮುಖ ಒರೆಸಿಕೊಳ್ಳುತ್ತಿದ್ದರು. ಅಣ್ಣ ಎದ್ದು ಬಾಗಿಲಿಗೆ ಅಡ್ಡ ನಿಂತ. ಅಷ್ಟು ದೊಡ್ಡ ದನಿಯ ಮನುಷ್ಯ, ಅವತ್ತು ಅವನ ಮಾತು ನನಗೇ ಸರಿಯಾಗಿ ಕೇಳಲಿಲ್ಲ.

"ಬ್ಯಾಡ್ರಿ. ನಮ್ಮವ್ವಂದು ಆಗೈತಿ."

ಸ್ಟುಡಿಯೋದವನು ಬ್ಯಾಗನ್ನು ತುಳಸಿಗಿಡದ ಹತ್ತಿರ ಇಳಿಸಿ, ಬಂದವರ ನಡುವೆ ತಾನೂ ಕೂತ. ಮಣ್ಣು ಮುಗಿಯುವವರೆಗೂ ಇದ್ದ.

ಈಗ ಲಾರಿಗಳು ಕಡಿಮೆಯಾಗಿವೆ. ಅಣ್ಣನವೂ ಇಲ್ಲ. ಮಲ್ಲಿಗೆ ಮತ್ತೆ ಬಿಳಿಯಾಗಿದೆ, ಆದರೂ ತೊಳೆದೇ ಏರಿಸುತ್ತೇನೆ. ಮನೆಗೆ ಬಂದವರು ಅಪ್ಪನ ಫೋಟೋಕ್ಕೆ ಹೊಸ್ತಿಲಲ್ಲೇ ನಿಂತು ಕೈ ಮುಗಿಯುತ್ತಾರೆ. ಅದರ ಪಕ್ಕದ ಪುಟ್ಟ ಕಟ್ಟು ಯಾರದು ಎಂದು ಅಲ್ಲಿಂದ ತಿಳಿಯುವುದಿಲ್ಲ. ಪಡಸಾಲೆ ದಾಟಿ, ಗೋಡೆಯವರೆಗೆ ಹೋಗಿ, ಸ್ವಲ್ಪ ಬಾಗಬೇಕು. ಹಾಗೆ ಬಾಗಿದವರನ್ನು ಅವ್ವ ನೋಡುತ್ತಾಳೆ.