ಗುರಣ್ಣನ ಕೈಗಿಟ್ಟ ಒಡಕು ತಾಳ

ತಾಳ ಒಡೆದವನು ಗುರಣ್ಣನಲ್ಲ. ಒಡಕು ತಾಳವನ್ನು ಅವನ ಕೈಗೆ ಇಟ್ಟವನು ನಾನು— ತಿಳಿದೇ ಇಟ್ಟೆ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಅರವತ್ತರ ದಶಕದ ಮಾತು. ಬಬಲೇಶ್ವರದ ಸಂತೆಯಲ್ಲಿ ನೆಲದ ಮೇಲೆ ಪಾತ್ರೆ ಹರಡಿ ಮಾರುತ್ತ ಸ್ವಂತ ಅಂಗಡಿಗೆ ಬಂದವನು ನಾನು. ನೀವೂ ಕಂಚು ಕೊಳ್ಳುವಾಗ ಬೆರಳಿನಿಂದ ಬಡಿದು ನೋಡಿ. ಸೀಳು ಕಣ್ಣಿಗೆ ಕಾಣದಿದ್ದರೂ ದನಿ ಸತ್ತಿರುತ್ತದೆ. ಈ ವಿದ್ಯೆ ನನಗೆ ಅನ್ನ ಕೊಟ್ಟಿತು. ಇದೇ ವಿದ್ಯೆಯಿಂದ—

ನಮ್ಮೂರ ಗುಡಿಯ ಭಜನಾ ಮೇಳದ ಹಿರಿಯರು ಬಸಲಿಂಗಜ್ಜ. ಅವರದು ಒಂದೇ ಕಟ್ಟಳೆ: ಬಂದವರಿಗೆ ತಾಳ ಇಲ್ಲ ಎನ್ನಬಾರದು. ಹಾಗೆ ಬಂದವನು ಕಂಬಳಿ ನೇಯುವ ಗುರಣ್ಣ. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿತ್ತು, ಮಾತೂ ಇರಲಿಲ್ಲ. ತಬಲಾದವನ ಕೈ ನೋಡುತ್ತ ತಾಳ ಹಾಕುತ್ತಿದ್ದ. "ನಮ್ಮ ಮೇಳದಾಗ ಕಿವುಡನೂ ತಾಳ ಹಾಕ್ತಾನ್ರಿ!" ಎಂದು ಗಿರಾಕಿಗಳೆದುರು ಬೀಗುತ್ತಿದ್ದವನೂ ನಾನೇ. ಆದರೆ ಲಯ ಏರಿದಾಗ ಅವನು ಅರ್ಧ ಪೆಟ್ಟು ಹಿಂದೆ ಬೀಳುತ್ತಿದ್ದ. ವಿಜಾಪುರದಲ್ಲಿ ಭಜನಾ ಸ್ಪರ್ಧೆ, ನನಗೆ ಗೆಲ್ಲಬೇಕು, ಅವನನ್ನು ಬೇಡ ಎನ್ನುವಂತಿಲ್ಲ. ಅಂಗಡಿಯ ಹಳೆಯ ಕಂಚಿನ ರಾಶಿಯಲ್ಲಿ ಅದೇ ಅಳತೆಯ ಸೀಳು ತಾಳ ಸಿಕ್ಕಿತು. ದನಿ ಸತ್ತ ತಾಳ ಹಿಂದೆ ಬಿದ್ದರೂ ಯಾರಿಗೂ ಕೇಳಿಸದು ಎಂದು ಬಸ್ಸಿನಲ್ಲೇ ಅವನ ತಾಳ ತೆಗೆದು ಅದನ್ನಿಟ್ಟೆ. ಕಿವುಡನಿಗೆ ಏನು ತಿಳಿದೀತು—

ವೇದಿಕೆಯ ಮೇಲೆ ಒಂದೇ ಪೆಟ್ಟಿಗೆ ಅವನ ಕೈ ನಿಂತಿತು. ತಾಳವನ್ನು ದವಡೆಗೆ ಒತ್ತಿಕೊಂಡ. ಮತ್ತೆ ಬಡಿದ, ಮತ್ತೆ ಒತ್ತಿಕೊಂಡ. ನಾವು ಕಿವಿಯಿಂದ ಕೇಳುವುದನ್ನು ಅವನು ಎಲುಬಿನಿಂದ ಕೇಳುತ್ತಿದ್ದ. ಮೇಳ ಕಟ್ಟುವವರಿಗೆ ನಾನು ಈಗಲೂ ಬುದ್ಧಿ ಹೇಳುವುದುಂಟು: ಬಂದವನಿಗೆ ಚಾಪೆಯ ಮೇಲೆ ಜಾಗ ಕೊಟ್ಟರೆ ಸಾಲದು, ಅವನು ಹೇಗೆ ಕೇಳುತ್ತಾನೆಂದು ತಿಳಿದುಕೊಳ್ಳಿ. ನಾನು ತಿಳಿದುಕೊಂಡಿರಲಿಲ್ಲ. ಹಾಡಿನ ನಡುವೆಯೇ ಎದ್ದು ಅವನು ಅಜ್ಜನಿಗೆ ತಾಳ ತೋರಿಸಿದ. ಹಾಡು ಕೆಟ್ಟಿತು. ಜನ ನಕ್ಕರು.

ವೇದಿಕೆಯ ಹಿಂದೆ ಅಜ್ಜ ಕೇಳಿದರು, "ಏನಾತಲೇ ಇದಕ್ಕ?"

ಗುರಣ್ಣ ತಾಳವನ್ನು ನನ್ನ ಕೈಗೇ ಕೊಟ್ಟ— ಕಂಚು ಬಲ್ಲವನು ನಿಜ ಹೇಳುತ್ತಾನೆ ಎಂದು.

"ಒಡದಾನ್ರಿ ಅಜ್ಜಾರ. ಕಿವಿ ಇಲ್ಲದಾಂವ, ಎಷ್ಟ ಜೋರ ಬಡೀತಾನಂತ ಅವಗೇನ ಗೊತ್ತ? ಗುಡಿ ತಾಳ ಹಾಳ ಮಾಡಿದಾ."

ಬಂದವರಿಗೆಲ್ಲ ತಾಳ ಎಂಬ ಕಟ್ಟಳೆ ಅಂದೇ ಮುರಿಯಿತು. ಮುಂದೆಂದೂ ಅವನ ಕೈಗೆ ತಾಳ ಕೊಡಲಿಲ್ಲ.

ಮೂರನೆಯ ದಿನ ಅವನ ಹೆಂಡತಿ ಶಾಂತವ್ವ ಅಂಗಡಿಗೆ ಬಂದಳು. "ಯಣ್ಣಾ, ಅವ್ರು ಉಣವಲ್ರು. ಒಡದಿಲ್ಲ, ಒಡದಿಲ್ಲ ಅಂತ ಬರೇ ಕೈ ಮಾಡಾಕತ್ತಾರ. ನೀನರ ಹೇಳು— ಖರೇನ ಅವ್ರ ಒಡದಾರೇನು?"

ಅಂಗಡಿಯಲ್ಲಿ ಜನರಿದ್ದರು.

"ಖರೇ ಐತಿ ತಂಗಿ. ಹೋಗ್ಲಿ ಬಿಡು, ನಾವು ಮಾಫ್ ಮಾಡೇವಿ."

ಅವಳು ಕೈ ಮುಗಿದಳು. ಮನೆಗೆ ಹೋಗಿ ಅವನಿಗೆ ಏನೆಂದು ಸನ್ನೆ ಮಾಡಿದಳೋ— ಹೆಂಡತಿಯೂ ನಂಬಿದ ಮೇಲೆ ಅವನಿಗೆ ತನ್ನ ಕೈಯ ಮೇಲೆಯೇ ಅನುಮಾನ ಬಂದಿರಬೇಕು. ಮರುದಿನ ಗುರಣ್ಣ ಬಂದ. ಎರಡೂ ಅಂಗೈ ಬಿಚ್ಚಿ ತೋರಿಸಿದ. ಗಲ್ಲ ಬಡಿದುಕೊಂಡ. ಆಮೇಲೆ ಗಿರಾಕಿಗಳೆಲ್ಲರ ಮುಂದೆ ಬಗ್ಗಿ ನನ್ನ ಕಾಲು ಹಿಡಿದ.

ನಾನು ಕಾಲು ಹಿಂದೆ ತೆಗೆಯಲಿಲ್ಲ.