ಹೆಣದ ಪಕ್ಕದ ಗ್ಯಾಸ್ ಒಲೆ

ಗೆಳೆಯರೇ, ಇವತ್ತು ಹುಮನಾಬಾದ್ ಬಸ್ಸಿನಲ್ಲಿ ಪಕ್ಕದ ಸಾಲಿನ ಹಿರಿಯರೊಬ್ಬರು ನನ್ನದೇ ಪತ್ತೇದಾರಿ ಕಾದಂಬರಿ ಓದುತ್ತಿದ್ದರು. ಪ್ರಕಾಶಕರ ಹಟಕ್ಕೆ ಗಂಡಸಿನ ಹೆಸರಲ್ಲಿ ಬರೆದದ್ದು. ತಡೆಯಲಾರದೆ ಕೇಳಿಯೇಬಿಟ್ಟೆ, "ಪುಸ್ತಕ ಹ್ಯಾಂಗದರಿ?"

"ಖೂನಿ, ಹೊಡೆದಾಟ ಎಲ್ಲಾ ಖಡಕ್ ಅದರಿ. ಆದ್ರ ಬರದಾಕಿ ಹೆಣ್ಮಗಳು."

ಪೂರ್ತಿ ಅವರ ಕಡೆಗೇ ತಿರುಗಿ ಕೂತೆ. "ಹ್ಯಾಂಗ ಗೊತ್ತಾಯ್ತ್ರಿ?"

"ಪತ್ತೇದಾರ ಪಿಸ್ತೂಲ್ ಹಿಡ್ಕೊಂಡು ಅಡಗಿಮನಿಗಿ ಬರ್ತಾನ. ಹೆಣ ಬಿದ್ದದ. ಅವಾ ಮೊದಲ ಗ್ಯಾಸ್ ಬಂದ್ ಮಾಡ್ತಾನ! ಯಾವ ಗಂಡಸಿಗಿ ಅದು ನೆನಪಾಗ್ತದ? ಇಂಥಾ ಕತಿ ಹೆಣ್ಮಕ್ಕಳ ಕೆಲಸಲ್ಲ ಬಿಡ್ರಿ."

ಜಗಳಕ್ಕೆ ಬಾಯಿ ತೆರೆದವಳು ಹಾಗೇ ಗಾಬರಿಯಾದೆ. ಬೆಳಿಗ್ಗೆ ಹಾಲಿಟ್ಟ ಗ್ಯಾಸ್ ನಾನು ಬಂದ್ ಮಾಡಿದ್ದೆನೇ?

ನಡುದಾರಿಯಲ್ಲೇ ಇಳಿದು ಬಸವಕಲ್ಯಾಣದ ಮನೆಗೆ ಓಡಿಬಂದೆ. ಬಂದ್ ಆಗಿತ್ತು. ಮಾಡಿದ್ದು ನನ್ನ ಗಂಡ.

ಆ ಹಿರಿಯರನ್ನು ಈಗ ಎಲ್ಲಿ ಪತ್ತೆ ಹಚ್ಚಲಿ?